ಹಡಗಿನ ಸಂಜೆಯ ವಾದ್ಯಮೇಳ

(ನಮ್ಮ ಉಚಿತ ವಾಚನಾಲಯದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಹಡಗಿನ ಮೇಲೆ ನಡೆಯುವ ಸಂಗೀತದ ಗೊಡವೆ ನಮಗೇಕೆ ಎಂದು ಫಲಕದ ಮೇಲಿನ ಸೂಚನೆ ಓದಿದ ಕೆಲವರು ಕೇಳಿದರಂತೆ. ವಿಹಾರ ನೌಕೆಯ ಟಿಕೇಟು ಕೊಳ್ಳಬಲ್ಲವರು ನಮ್ಮಲ್ಲಿ ಹೆಚ್ಚು ಮಂದಿ ಇಲ್ಲ, ನಿಜ. ಆದರೆ ನಾನು ಹೇಳಹೊರಟಿರುವುದು ಟಿಕೇಟು ಕೊಂಡು ಕುಳಿತು ಕೇಳುವವರ ಮಾತಲ್ಲ, ಅವರೆದುರಿಗೆ ನಿಂತು ಬಾರಿಸುವವರ ಮಾತು. ಅವರು ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಆ ಮಟ್ಟಿಗೆ ಅವರು ನಮ್ಮ ನೆಂಟರೇ.

ದೊಡ್ಡ ವಿಹಾರ ನೌಕೆಯೆಂದರೆ ನೀರಿನ ಮೇಲೆ ತೇಲುವ ಒಂದು ಪೇಟೆ. ಹಗಲು ಹೊತ್ತು ಬಂದರು ನೋಡುವುದು, ಈಜುವುದು, ಉಣ್ಣುವುದು ಎಂದು ಹೇಗೋ ಕಳೆಯುತ್ತದೆ. ಕತ್ತಲಾದ ಮೇಲೆ ಸುತ್ತ ಏನೂ ಕಾಣದು. ಆಗ ನೂರಾರು ಜನರ ಮನಸ್ಸನ್ನು ಹಿಡಿದಿಡುವ ಭಾರ ವಾದ್ಯದವರ ಮೇಲೆ ಬೀಳುತ್ತದೆ. ನಡುವಣ ಹಜಾರದಲ್ಲಿ ಪಿಟೀಲಿನ ಚಿಕ್ಕ ಮೇಳ, ಊಟದ ಮನೆಯ ಮಗ್ಗುಲಲ್ಲಿ ಪಿಯಾನೋ, ಕುಣಿತದ ಅಂಗಳದಲ್ಲಿ ಬ್ಯಾಂಡು, ನಾಟಕಶಾಲೆಯಲ್ಲಿ ಬೇರೊಂದು ತಂಡ. ಮುಕ್ಕಾಲು ಗಂಟೆ ಬಾರಿಸುವುದು, ಸ್ವಲ್ಪ ಬಿಡುವು, ಮತ್ತೆ ಮುಕ್ಕಾಲು ಗಂಟೆ. ಹೀಗೆ ರಾತ್ರಿ ಬಹಳ ಹೊತ್ತಿನವರೆಗೆ. ಕರಾರು ಸಾಮಾನ್ಯವಾಗಿ ಕೆಲವು ತಿಂಗಳುಗಳದು. ಆ ತಿಂಗಳುಗಳಲ್ಲಿ ಮನೆಯ ಮುಖ ನೋಡುವಂತಿಲ್ಲ. ಫಿಲಿಪ್ಪೀನ್ಸ್ ದೇಶದ ವಾದ್ಯಗಾರರು ಈ ಕಸಬಿನಲ್ಲಿ ಬಹು ಸಂಖ್ಯೆಯಲ್ಲಿದ್ದಾರೆ. ಹಡಗು ಹೊಯ್ದಾಡುವಾಗ ಜಾರಬಾರದೆಂದು ಪಿಯಾನೋವನ್ನು ನೆಲಕ್ಕೆ ಬಿಗಿದಿಟ್ಟಿರುತ್ತಾರೆ. ಬಾರಿಸುವವನನ್ನು ಬಿಗಿಯುವವರಿಲ್ಲ, ಅವನು ತಾನೇ ಕಾಲೂರಿ, ತಾಳ ತಪ್ಪದೆ, ಮುಖದ ಮೇಲಿನ ನಗೆಯನ್ನೂ ಬಿಡದೆ ನಿಲ್ಲಬೇಕು. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಪಿಟೀಲಿನ ಮರ ತೇವಕ್ಕೆ ಉಬ್ಬುತ್ತದೆ. ಶ್ರುತಿ ಕೂಡಿಸುವುದೇ ಅರ್ಧ ಕೆಲಸ.

ಈ ಕಸಬಿನ ಒಳಗುಟ್ಟು ತಿಳಿಯಬೇಕಾದರೆ ಹಿಂದಿನ ಒಂದು ಹಡಗಿಗೆ ಹೋಗಬೇಕು. ಅದರ ಹೆಸರು ಟೈಟಾನಿಕ್. ಸಿನಿಮಾದಲ್ಲಿ ನೋಡಿದವರು ಬಹಳ ಮಂದಿ ಇದ್ದೀರಿ. ಹಡಗು ಮುಳುಗುತ್ತಿರುವಾಗ ವಾದ್ಯದವರು ಬಾರಿಸುತ್ತಲೇ ಇದ್ದರೆಂಬ ಕಥೆ ಚಿಕ್ಕ ಮಕ್ಕಳಿಗೂ ಗೊತ್ತು. ಅವರಿಗೆ ತಿಂಗಳ ಸಂಬಳವೆಷ್ಟಿತ್ತು, ಸಂಬಳ ಕೊಡುತ್ತಿದ್ದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗುಮಾಸ್ತರಾದ ನಾವಾದರೂ ಕೇಳೋಣ.

೧೯೧೨ನೆಯ ಇಸವಿ ಏಪ್ರಿಲಿನಲ್ಲಿ ಆ ಹಡಗು ಹತ್ತಿದ ವಾದ್ಯಗಾರರು ಎಂಟು ಮಂದಿ. ಮುಖಂಡ ವಾಲೆಸ್ ಹಾರ್ಟ್ಲಿ, ಪಿಟೀಲುಗಾರ, ವಯಸ್ಸು ಮೂವತ್ತಮೂರು. ಸ್ಕಾಟ್ಲಂಡಿನ ಡಮ್‌ಫ್ರೀಸ್ ಊರಿನ ಜಾಕ್ ಹ್ಯೂಮ್‌ಗೆ ಇಪ್ಪತ್ತೊಂದು. ಚೆಲ್ಲೋ ಬಾರಿಸುತ್ತಿದ್ದ ರೋಜರ್ ಬ್ರಿಕೂ ಫ್ರಾನ್ಸಿನವನು; ಜಾರ್ಜ್ ಕ್ರಿನ್ಸ್ ಬೆಲ್ಜಿಯಮ್ಮಿನವನು. ಐವರದು ಒಂದು ಮೇಳ. ಮೂವರದು ಇನ್ನೊಂದು, ಅವರು ದುಬಾರಿ ಭೋಜನಶಾಲೆಯ ಹೊರಗೆ ಬಾರಿಸುವವರು. ಕಂಪನಿಯ ಹಾಡಿನ ಪಟ್ಟಿಯಲ್ಲಿ ೩೫೨ ಮಟ್ಟುಗಳಿದ್ದವು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಪ್ರಯಾಣಿಕ ಸಂಖ್ಯೆ ಹೇಳಿದರೆ ಸಾಕು, ಇವರು ತಡವರಿಸದೆ ಅದನ್ನು ಎತ್ತಿಕೊಳ್ಳಬೇಕು. ಊಟದ ಹೊತ್ತು, ಚಹಾದ ಹೊತ್ತು, ರಾತ್ರಿಯೂಟದ ಮೇಲೆ, ಹೀಗೆ ದಿನಕ್ಕೆ ಹಲವು ಸರತಿ. ನಮ್ಮ ಹೋಟೆಲುಗಳಲ್ಲಿ ಮಾಣಿ ತಿಂಡಿಯ ಪಟ್ಟಿಯನ್ನು ಬಾಯಿಪಾಠ ಮಾಡಿರುವುದನ್ನು ಕಂಡು ನಾವು ಮೆಚ್ಚುತ್ತೇವೆ. ೩೫೨ ತಿಂಡಿಯ ಹೋಟೆಲನ್ನು ನಾನಂತೂ ಕಂಡಿಲ್ಲ.

ಇನ್ನು ಸಂಬಳದ ಲೆಕ್ಕ. ಆಗಿನ ಇಂಗ್ಲೆಂಡಿನಲ್ಲಿ ಒಂದು ಪೌಂಡಿಗೆ ೨೦ ಷಿಲಿಂಗು, ಒಂದು ಷಿಲಿಂಗಿಗೆ ೧೨ ಪೆನ್ಸು. ಮೊದಲು ಹಡಗಿನ ಕಂಪನಿಗಳೇ ವಾದ್ಯಗಾರರನ್ನು ನೇರವಾಗಿ ನೇಮಿಸಿಕೊಳ್ಳುತ್ತಿದ್ದವು. ತಿಂಗಳಿಗೆ ೬ ಪೌಂಡು ೧೦ ಷಿಲಿಂಗು ಸಂಬಳ, ಅದರ ಮೇಲೆ ಸಮವಸ್ತ್ರದ ಬಾಬತ್ತು ೧೦ ಷಿಲಿಂಗು. ಬಳಿಕ ಲಿವರ್‌ಪೂಲಿನಲ್ಲಿ ಬ್ಲ್ಯಾಕ್ ಎಂಬ ಸೋದರರು ಏಜನ್ಸಿ ತೆರೆದು, ವಾದ್ಯಗಾರರನ್ನು ತಾವೇ ಒದಗಿಸುವ ಗುತ್ತಿಗೆಯನ್ನು ಒಂದೊಂದೇ ಹಡಗು ಕಂಪನಿಯಿಂದ ಪಡೆದರು. ಅಂದಿನಿಂದ ಸಂಬಳ ೪ ಪೌಂಡು. ಸಮವಸ್ತ್ರದ ಭತ್ಯ ರದ್ದು. ಹಡಗು ಅದೇ, ಪಿಟೀಲು ಅದೇ, ೩೫೨ ಮಟ್ಟುಗಳೂ ಅವೇ. ನಡುವೆ ಒಬ್ಬ ದಲ್ಲಾಳಿ ಬಂದು ಕುಳಿತದ್ದಕ್ಕೆ ಪ್ರತಿ ತಿಂಗಳೂ ೩ ಪೌಂಡು ಕೈಬಿಟ್ಟಿತು. ಏಜನ್ಸಿಯನ್ನು ಬಿಟ್ಟು ಹಡಗಿನಲ್ಲಿ ಕೆಲಸ ಹಿಡಿಯುವುದು ಕಷ್ಟವಾಯಿತು. ಗಿರಣಿಗಳ ಕಾಲದ ಮುಂಬಯಿಯಲ್ಲಿ ಜಾಬರನ ಕೃಪೆಯಿಲ್ಲದೆ ಸಾಂಚೆಯ ಮುಂದೆ ನಿಲ್ಲುವಂತಿರಲಿಲ್ಲವೆಂದು ಹಿರಿಯರು ಹೇಳುತ್ತಿದ್ದುದು ಇಲ್ಲಿ ನೆನಪಾಗುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದೇ ಇಂದಿನ ನನ್ನ ಮಾತಿನ ತಿರುಳು. ಹಡಗಿನ ಮೇಲಿರುವವನು ಒಂದೋ ಸಿಬ್ಬಂದಿ, ಒಂದೋ ಪ್ರಯಾಣಿಕ. ಏಜನ್ಸಿಯ ಮೂಲಕ ಬಂದ ವಾದ್ಯಗಾರರನ್ನು ಮೊದಮೊದಲು ಸಿಬ್ಬಂದಿಯ ಪಟ್ಟಿಯಲ್ಲೇ ಬರೆಯುತ್ತಿದ್ದರು. ಕಪ್ತಾನನ ಆಜ್ಞೆಗೆ ಒಳಪಡಬೇಕಲ್ಲ, ಅದಕ್ಕಾಗಿ ಹಡಗಿನ ಕಂಪನಿಯಿಂದ ಹೆಸರಿಗೆ ಮಾತ್ರ ತಿಂಗಳಿಗೆ ಒಂದು ಷಿಲಿಂಗು ಸಂಬಳ. ವಾದ್ಯಗಾರರ ಕಾರ್ಮಿಕ ಸಂಘದವರು ಕಂಪನಿಯ ಮುಖ್ಯಸ್ಥ ಬ್ರೂಸ್ ಇಸ್ಮೇಯನ್ನು ಕಂಡು ಈ ಸಂಬಳದ ಬಗ್ಗೆ ದೂರಿಕೊಂಡರು. ಸಿಬ್ಬಂದಿಯಾಗಿ ಬರುವುದಕ್ಕೆ ನಿಮ್ಮ ತಕರಾರಿದ್ದರೆ ಪ್ರಯಾಣಿಕರಾಗಿ ಬರಲಿ ಎಂದು ಕಂಪನಿ ತೀರ್ಮಾನಿಸಿತು. ಹೀಗಾಗಿ ಟೈಟಾನಿಕ್ಕಿನ ಎಂಟು ವಾದ್ಯಗಾರರೂ ಎರಡನೆಯ ದರ್ಜೆಯ ಒಂದೇ ಟಿಕೇಟಿನ ಮೇಲೆ ಹತ್ತಿದರು. ಅದರ ಸಂಖ್ಯೆ ೨೫೦೬೫೪. ಕೇಳುವುದಕ್ಕೆ ಬಡ್ತಿಯಂತೆ ತೋರುತ್ತದೆ. ಕಾಗದದ ಮೇಲಿನ ಈ ಬಡ್ತಿಯ ಬೆಲೆ ಮುಂದೆ ತಿಳಿಯಿತು.

ಏಪ್ರಿಲ್ ೧೪ರ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಹಡಗು ಹಿಮಗಡ್ಡೆಗೆ ತಾಗಿತು. ೨ ಗಂಟೆ ೨೦ ನಿಮಿಷಕ್ಕೆ ಮುಳುಗಿತು. ಸುಮಾರು ೧,೫೦೦ ಜನ ಸತ್ತರು. ವಾದ್ಯಗಾರರು ಮೊದಲು ಒಳಗಿನ ಹಜಾರದಲ್ಲಿ, ಆಮೇಲೆ ದೋಣಿಗಳಿದ್ದ ಮೇಲಂತಸ್ತಿನಲ್ಲಿ ಬಾರಿಸಿದರು. ಎಂಟು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವರು ಕೊನೆಗೆ ಬಾರಿಸಿದ್ದು ಪ್ರಾರ್ಥನಾಗೀತೆಯೋ ಕುಣಿತದ ಮಟ್ಟೋ ಎಂದು ಬದುಕಿ ಬಂದವರೇ ಬೇರೆಬೇರೆಯಾಗಿ ಹೇಳಿದರು. ಅದರ ಮೇಲೆ ನೂರು ವರ್ಷದಿಂದ ಚರ್ಚೆ ನಡೆದಿದೆ, ಪುಸ್ತಕಗಳಾಗಿವೆ. ಯಾವ ಮಟ್ಟಾದರೇನು! ಆ ಚಳಿಯಲ್ಲಿ ಬೆರಳು ಆಡಿಸಿದರಲ್ಲ.

ಏಪ್ರಿಲ್ ೩೦ನೆಯ ತಾರೀಖು, ಅಂದರೆ ದುರಂತವಾಗಿ ಹದಿನೈದು ದಿನಕ್ಕೆ, ಜಾಕ್ ಹ್ಯೂಮ್‌ನ ತಂದೆಗೆ ಏಜನ್ಸಿಯಿಂದ ಒಂದು ಕಾಗದ ಬಂತು. ತಂದೆ ಆಂಡ್ರೂ ಹ್ಯೂಮ್ ಸಂಗೀತದ ಮೇಷ್ಟರು. ಮಗನ ಲೆಕ್ಕದಲ್ಲಿ ೫ ಷಿಲಿಂಗು ೪ ಪೆನ್ಸು ಬಾಕಿಯಿದೆ, ಕಳುಹಿಸಿಕೊಡಬೇಕು. ಜೊತೆಗಿಟ್ಟಿರುವ ಸಮವಸ್ತ್ರದ ಲೆಕ್ಕವನ್ನೂ ಚುಕ್ತಾ ಮಾಡಬೇಕು ಎಂಬುದು ಅದರ ಒಕ್ಕಣೆ. ಕೋಟಿನ ಮೇಲೆ ಹಡಗು ಕಂಪನಿಯ ಗುಂಡಿ ಹೊಲಿಸಿದ ಮಜೂರಿ, ಎದೆಗೆ ಚುಚ್ಚಿಕೊಳ್ಳುವ ವೀಣೆಯಾಕಾರದ ಬಿಲ್ಲೆ, ಇಂಥವು ಆ ಲೆಕ್ಕದಲ್ಲಿದ್ದವು. ವಾದ್ಯಗಾರರ ಸಂಘ ಈ ಕಾಗದವನ್ನು ತನ್ನ ಮಾಸಿಕ ವರದಿಯಲ್ಲಿ ಯಾವ ಟೀಕೆಯೂ ಬೇಕಿಲ್ಲವೆಂಬಂತೆ ಅಚ್ಚು ಹಾಕಿಸಿತು. ಕಾಗದ ಬರೆದ ಗುಮಾಸ್ತನ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಕೆಟ್ಟವನಿರಲಾರ. ಖಾತೆಯಲ್ಲಿ ಬಾಕಿ ಕಂಡಿತು, ಜ್ಞಾಪನಪತ್ರ ಹೊರಡಿಸಿದ. ನಾವೂ ದಿನವೂ ಹೊರಡಿಸುತ್ತೇವೆ.

ಪರಿಹಾರದ ಪ್ರಶ್ನೆ ಬಂತು. ೧೯೦೬ರ ಕಾಯಿದೆಯ ಪ್ರಕಾರ ಕೆಲಸದ ಮೇಲೆ ಸತ್ತ ಕಾರ್ಮಿಕನ ಮನೆಯವರಿಗೆ ಹಣ ಸಲ್ಲಬೇಕು. ಹಡಗಿನ ಕಂಪನಿ ಹೇಳಿತು: ಅವರು ನಮ್ಮ ನೌಕರರಲ್ಲ, ಎರಡನೆಯ ದರ್ಜೆಯ ಪ್ರಯಾಣಿಕರು, ಏಜನ್ಸಿಯನ್ನು ಕೇಳಿ. ಏಜನ್ಸಿಯ ಕಡೆಯವರೂ ಹೊಣೆಯನ್ನು ಒಪ್ಪಲಿಲ್ಲ. ಮನೆಯವರು ನ್ಯಾಯಾಲಯಕ್ಕೆ ಹೋದರು. ಕಾಯಿದೆ ಹೇಳುವ ಅರ್ಥದಲ್ಲಿ ಇವರು ಕಾರ್ಮಿಕರಲ್ಲವೆಂದು ದಾವೆ ಬಿದ್ದುಹೋಯಿತು. ಪ್ರಯಾಣಿಕನಾಗಿದ್ದರೆ ದುಡಿಸಿದ್ದೇಕೆ? ದುಡಿದಿದ್ದರೆ ಕಾರ್ಮಿಕನಲ್ಲವೇಕೆ? ಉತ್ತರ ಆ ಟಿಕೇಟಿನಲ್ಲಿತ್ತು. ಕೊನೆಗೆ ಕೈಹಿಡಿದದ್ದು ಸಾರ್ವಜನಿಕರು ಕೂಡಿಸಿದ ಪರಿಹಾರ ನಿಧಿ.

ಗೌರವಕ್ಕೆ ಮಾತ್ರ ಕೊರತೆಯಾಗಲಿಲ್ಲ. ಮೇ ೨೪ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸುಮಾರು ೫೦೦ ವಾದ್ಯಗಾರರು ಸೇರಿ ಸ್ಮಾರಕ ಕಚೇರಿ ನಡೆಸಿದರು. ಎಲ್ಗರ್, ಹೆನ್ರಿ ವುಡ್ ಮೊದಲಾದ ದೊಡ್ಡವರು ಮೇಳ ನಡೆಸಿಕೊಟ್ಟರು. ಹಾರ್ಟ್ಲಿಯ ಊರಾದ ಕೋಲ್ನ್‌ನಲ್ಲಿ ಅವನ ಶವಯಾತ್ರೆ ನೋಡಲು ಸಾವಿರಾರು ಜನ ನೆರೆದರು. ಅವನದೆಂದು ಹೇಳುವ ಪಿಟೀಲು ೨೦೧೩ರ ಅಕ್ಟೋಬರಿನಲ್ಲಿ ೯ ಲಕ್ಷ ಪೌಂಡಿಗೆ ಹರಾಜಾಯಿತು. ತಿಂಗಳಿಗೆ ೪ ಪೌಂಡಿನಂತೆ ಅಷ್ಟು ಹಣ ಗಳಿಸಲು ಎಷ್ಟು ವರ್ಷ ಬೇಕೆಂದು ರಾತ್ರಿಶಾಲೆಯ ಹುಡುಗರು ಭಾಗಿಸಿ ನೋಡಬಹುದು: ೧೮,೭೫೦ ವರ್ಷ.

ಇದೆಲ್ಲ ಬಹಳ ದೂರದ ಮಾತೆಂದು ತಿಳಿಯಬೇಡಿ. ಇದೇ ಮುಂಬಯಿಯ ಧೋಬಿ ತಲಾವಿನ ಕಡೆ ಹೋದರೆ ಗೋವೆಯ ಒಂದೊಂದು ಹಳ್ಳಿಯವರೂ ತಮ್ಮ ತಮ್ಮ ಹಡಗಿನ ಕೆಲಸಗಾರರಿಗಾಗಿ ಕಟ್ಟಿಕೊಂಡ ವಸತಿ ಮನೆಗಳು, ಕೂಡ್ ಎಂದು ಕರೆಯುವ ಕ್ಲಬ್ಬುಗಳು, ಇವೆ. ಹಡಗಿಗೂ ಹಡಗಿಗೂ ನಡುವಣ ಬಿಡುವಿನಲ್ಲಿ ಅಲ್ಲಿ ತಂಗುತ್ತಿದ್ದರು. ಗೋವೆಯ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದಲು, ಪಿಟೀಲು ಹಿಡಿಯಲು ಕಲಿಸುತ್ತಿದ್ದರು. ಆ ವಿದ್ಯೆ ಹೊತ್ತು ಬಂದವರು ಮುಂಬಯಿಯ ದೊಡ್ಡ ಹೋಟೆಲುಗಳ ಕುಣಿತದ ಅಂಗಳಗಳಲ್ಲಿ ಬಾರಿಸಿದರು. ಸಿನಿಮಾದ ವಾದ್ಯವೃಂದಗಳನ್ನು ತುಂಬಿದರು. ಪಿಟೀಲು ಗುರು ಆಂಥೊನಿ ಗೊನ್ಸಾಲ್ವಿಸ್ ಅವರ ಹೆಸರನ್ನು ಶಿಷ್ಯ ಪ್ಯಾರೇಲಾಲರು ೧೯೭೭ರ ಚಿತ್ರದ ಹಾಡಿನಲ್ಲಿ ಸೇರಿಸಿದ್ದರಿಂದ ಆ ಹೆಸರೊಂದು ಉಳಿಯಿತು. ಉಳಿದ ಬಹುಪಾಲು ಜನರ ಹೆಸರು ಚಿತ್ರದ ಫಲಕದ ಮೇಲೆ ಬರಲೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ನೆಲದ ಮೇಲೂ ಇದ್ದ ಪದ್ಧತಿಯೇ.

ಮತ್ತೆ ಸಮುದ್ರಕ್ಕೆ ಹೋಗೋಣ. ೧೯೯೧ರ ಆಗಸ್ಟ್ ೩ರಂದು ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಬಂದರಿನಿಂದ ಡರ್ಬನ್ನಿಗೆ ಓಷಿಯಾನೋಸ್ ಎಂಬ ವಿಹಾರ ನೌಕೆ ಬಿರುಗಾಳಿಯಲ್ಲಿ ಹೊರಟಿತು. ರಾತ್ರಿ ಯಂತ್ರದ ಕೋಣೆಗೆ ನೀರು ನುಗ್ಗಿ ದೀಪಗಳು ಆರಿದವು. ಪ್ರಯಾಣಿಕರು ಹಜಾರದಲ್ಲಿ ಕೂಡಿದರು. ಗಿಟಾರ್ ಬಾರಿಸುವ ಮಾಸ್ ಹಿಲ್ಸ್ ಮತ್ತು ಜೊತೆಯವರು ಹಾಡಿ ಅವರ ಗಾಬರಿ ತಗ್ಗಿಸಿದರು. ಅಷ್ಟರಲ್ಲಿ ಸಿಬ್ಬಂದಿಯಲ್ಲಿ ಹಲವರು ದೋಣಿ ಹತ್ತಿ ಹೋಗಿಬಿಟ್ಟಿದ್ದರು. ಹಿಲ್ಸ್ ಹಡಗು ನಡೆಸುವ ಕೊಠಡಿಗೆ ಹೋಗಿ ನೋಡಿದರೆ ಒಬ್ಬ ಅಧಿಕಾರಿಯೂ ಇಲ್ಲ. ತಾನೇ ರೇಡಿಯೋ ಹಿಡಿದು ಸಹಾಯಕ್ಕಾಗಿ ಕೂಗಿದ. ಉತ್ತರಿಸಿದವರು ನಿನ್ನ ಪದವಿ ಯಾವುದೆಂದು ಕೇಳಿದಾಗ, ಪದವಿ ಏನೂ ಇಲ್ಲ, ನಾನು ಗಿಟಾರಿನವನೆಂದು ಹೇಳಬೇಕಾಯಿತಂತೆ. ಬೆಳಗಾದ ಮೇಲೆ ಹೆಲಿಕಾಪ್ಟರುಗಳು ಬಂದವು. ಇನ್ನೂ ಅನೇಕ ಪ್ರಯಾಣಿಕರು ಮೇಲಿರುವಾಗಲೇ ಕಪ್ತಾನ ಹೊರಟುಹೋದ. ವಾದ್ಯದವರು, ಜಾದೂಗಾರ, ಮನರಂಜನೆಯ ಮೇಲ್ವಿಚಾರಕಿ, ಇವರು ನಿಂತು ಜನರಿಗೆ ಪಟ್ಟಿ ಬಿಗಿದು ಒಬ್ಬೊಬ್ಬರನ್ನಾಗಿ ಮೇಲೆತ್ತಿಸಿದರು. ೫೭೧ ಜನರಲ್ಲಿ ಒಬ್ಬರಿಗೂ ಪ್ರಾಣಹಾನಿಯಾಗಲಿಲ್ಲ. ಆಗಸ್ಟ್ ೪ರ ಮಧ್ಯಾಹ್ನ ಹಡಗು ಮುಳುಗಿತು.

ಈಗಿನ ಸ್ಥಿತಿಯೇನು ಎಂದು ಕೇಳುವಿರಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೨೦೦೬ರಲ್ಲಿ ನಾವಿಕ ಕಾರ್ಮಿಕರಿಗಾಗಿ ಒಂದು ದೊಡ್ಡ ಒಡಂಬಡಿಕೆ ಮಾಡಿತು. ಅದು ೨೦೧೩ರ ಆಗಸ್ಟಿನಿಂದ ಜಾರಿಯಲ್ಲಿದೆ. ಭಾರತ ೨೦೧೫ರಲ್ಲಿ ಅದನ್ನು ಅನುಮೋದಿಸಿತು. ಹಡಗಿನ ಮೇಲೆ ಯಾವುದೇ ರೀತಿಯ ಕೆಲಸ ಮಾಡುವವನೂ ನಾವಿಕನೇ ಎಂದು ಅದು ಹೇಳುತ್ತದೆ. ಬಾರಿಸುವವನೂ ಬಡಿಸುವವನೂ ಇಂಜಿನಿನವನೂ ಒಂದೇ ಮಾತಿನೊಳಗೆ ಬಂದರು. ಆದರೂ ನಾಲ್ಕು ದಿನಕ್ಕೆಂದು ಬಂದು ಹೋಗುವ ಅತಿಥಿ ಕಲಾವಿದರ ವಿಷಯದಲ್ಲಿ ದೇಶಗಳು ಬೇರೆ ತೀರ್ಮಾನ ಮಾಡಲು ಎಡೆಯಿದೆ; ಆದ್ದರಿಂದ ಕರಾರಿನ ಕಾಗದದಲ್ಲಿ ತನ್ನನ್ನು ಏನೆಂದು ಬರೆದಿದ್ದಾರೆಂಬುದನ್ನು ವಾದ್ಯಗಾರ ಇಂದಿಗೂ ನೋಡಿಯೇ ಸಹಿ ಹಾಕಬೇಕು. ದಿನಕ್ಕೆ ಕನಿಷ್ಠ ೧೦ ಗಂಟೆ, ವಾರಕ್ಕೆ ೭೭ ಗಂಟೆ ವಿಶ್ರಾಂತಿಯ ನಿಯಮವಿದೆ. ಕೆಲಸ ಕೊಡಿಸುವ ಏಜಂಟನು ಕೆಲಸಗಾರನಿಂದ ದಲ್ಲಾಳಿ ಪಡೆಯಕೂಡದು. ಪಾಸ್‌ಪೋರ್ಟು, ವೈದ್ಯರ ಪತ್ರ, ನಾವಿಕರ ಪುಸ್ತಕ, ಇಂಥ ಖರ್ಚು ಮಾತ್ರ ನಾವು ಭರಿಸಬೇಕಾದ್ದು. ನಮ್ಮ ದೇಶದಲ್ಲಿ ಈ ಏಜಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಅದರ ಕಚೇರಿ ಮುಂಬಯಿಯಲ್ಲೇ ಇದೆ. ೨೦೨೧ರಲ್ಲಿ ಈ ಬಂದರಿನಿಂದಲೂ ಕಾರ್ಡೀಲಿಯಾ ಎಂಬ ವಿಹಾರ ನೌಕೆ ಹೊರಟ ಮೇಲೆ ಕೀಬೋರ್ಡು, ತಬಲಾ ಬಲ್ಲ ಹುಡುಗರು ಇಂಥ ಕೆಲಸ ವಿಚಾರಿಸುವುದು ಸಹಜ. ಪರವಾನಗಿಯ ಸಂಖ್ಯೆ ಕೇಳದೆ ಯಾರ ಕೈಗೂ ಒಂದು ರೂಪಾಯಿ ಹಾಕಬೇಡಿ. ಕಾಗದ ಓದಲು ತೊಡಕಾದರೆ ಈ ವಾಚನಾಲಯಕ್ಕೆ ತನ್ನಿ, ಕೂಡಿ ಓದೋಣ.

ಇನ್ನೊಂದು ಬದಲಾವಣೆ ಹೇಳಿ ಮುಗಿಸುತ್ತೇನೆ. ಟೈಟಾನಿಕ್ಕಿನಲ್ಲಿದ್ದ ಸುಮಾರು ೨,೨೦೦ ಜನಕ್ಕೆ ದೋಣಿಗಳಲ್ಲಿದ್ದ ಸ್ಥಳ ೧,೧೭೮. ಆ ಬಳಿಕ, ೧೯೧೪ರ ಜನವರಿಯಲ್ಲಿ, ಹಡಗಿನ ಸುರಕ್ಷತೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಈಗ ಹಡಗಿನ ಸಿಬ್ಬಂದಿಯ ಪ್ರತಿಯೊಬ್ಬನಿಗೂ ಅಪಾಯದ ಗಂಟೆ ಬಾರಿಸಿದಾಗ ಎಲ್ಲಿ ನಿಲ್ಲಬೇಕು, ಏನು ಮಾಡಬೇಕೆಂಬ ಪಟ್ಟಿ ಗೋಡೆಯ ಮೇಲೆ ಇರುತ್ತದೆ. ಸಿಬ್ಬಂದಿಯಾಗಿ ಸೇರಿದ ವಾದ್ಯಗಾರನಿಗೂ ಅದರಲ್ಲಿ ಒಂದು ಸಾಲು ಇದೆ. ಗಂಟೆ ಕೇಳಿದೊಡನೆ ಅವನು ಗಿಟಾರನ್ನು ಕೆಳಗಿಟ್ಟು, ತೇಲುವ ಅಂಗಿ ತೊಟ್ಟು, ತನ್ನ ಪಾಲಿನ ಮೆಟ್ಟಿಲ ಬಳಿ ನಿಂತು ಪ್ರಯಾಣಿಕರಿಗೆ ದಾರಿ ತೋರಿಸಬೇಕು. ಅಭ್ಯಾಸದ ಗಂಟೆ ಆಗಾಗ ಬಾರಿಸುತ್ತದೆ. ಅದು ಮುಗಿದ ಮೇಲೆ ಅಂಗಿ ಕಳಚಿಟ್ಟು, ತಂತಿಗೆ ಮತ್ತೆ ಶ್ರುತಿ ಕೂಡಿಸಿ, ಸಂಜೆಯ ಮೊದಲ ಸರತಿಗೆ ಹೋಗುತ್ತಾನೆ.