ಇಪ್ಪತ್ತೊಂಬತ್ತು ದಿನಗಳ ವೈದ್ಯರು



ಮಕ್ಕಳ ಕಿಡ್ನಿ ಕಾಯಿಲೆಯ ಬಗ್ಗೆ ಮಾತಾಡಲು ತುಕ್ಕಾನಟ್ಟಿಯಂಥ ಹಳ್ಳಿಗೆ ಯಾಕೆ ಹೋಗಬೇಕು, ಬೆಳಗಾವಿಯ ಸಭಾಂಗಣ ಸಾಲದೇ ಎಂದು ಗೆಳೆಯರೊಬ್ಬರು ಕೇಳಿದರು. ತುಕ್ಕಾನಟ್ಟಿ ಎಂದರೆ ನಮ್ಮ ಭಾಗದ ರೈತರಿಗೆ ಮೊದಲು ನೆನಪಾಗುವುದು ಇಲ್ಲಿನ ಕೃಷಿ ವಿಜ್ಞಾನ ಕೇಂದ್ರ. 1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಶುರುವಾದಾಗ ಅದರ ಹಿಂದೆ ಇದ್ದ ವಿಚಾರ ಸರಳವಾದದ್ದು: ರೈತನಿಗೆ ಹೇಳಿ ಕಳಿಸಿದರೆ ಸಾಲದು, ಅವನ ಕೈಯಿಂದಲೇ ಮಾಡಿಸಿ ಕಲಿಸಬೇಕು. ವಿಜ್ಞಾನಿ ಹೊಲಕ್ಕೆ ಬರುವುದು ಒಂದು ದಿನ, ರೈತ ಹೊಲದಲ್ಲಿ ಇರುವುದು ವರ್ಷವಿಡೀ. ಹೊಲ ಉಳಿಯಬೇಕಾದರೆ ಕಲಿಯಬೇಕಾದವನು ರೈತ.

ಗೆಳೆಯರಿಗೆ ನನ್ನ ಉತ್ತರ ಅದೇ. ಕಿಡ್ನಿ ಕಾಯಿಲೆಯ ಮಗು ನಮ್ಮ ಹೊರರೋಗಿ ವಿಭಾಗಕ್ಕೆ ಬರುವುದು ತಿಂಗಳಿಗೆ ಒಂದು ದಿನ. ಉಳಿದ 29 ದಿನ ಅದರ ಚಿಕಿತ್ಸೆ ನಡೆಯುವುದು ಮನೆಯಲ್ಲಿ. ಗುಳಿಗೆ ಎಣಿಸಿ ಕೊಡುವವರು, ಮೂತ್ರ ಪರೀಕ್ಷೆ ಮಾಡುವವರು, ಉಪ್ಪಿನ ಡಬ್ಬಿ ಮೇಲೆ ಕಣ್ಣಿಡುವವರು ತಂದೆತಾಯಿ. ಇಂದಿನ ಚರ್ಚೆಗೆ ನಾನು ಮುಂದಿಡುವ ಆಶಯ ಇದೊಂದೇ: ಆ 29 ದಿನಗಳ ವೈದ್ಯರನ್ನು ನಾವು ವೈದ್ಯರೆಂದೇ ಒಪ್ಪಿಕೊಳ್ಳಬೇಕು, ತಕ್ಕಂತೆ ಕಲಿಸಬೇಕು, ಮತ್ತು ಕಲಿಸಿದ ಮೇಲೆ ಅವರನ್ನು ಒಂಟಿಯಾಗಿ ಬಿಡಬಾರದು.

ನಮ್ಮಲ್ಲಿಗೆ ಬರುವ ತಾಯಂದಿರು ಕಾಯಿಲೆಯನ್ನು ಎಷ್ಟು ಸರಿಯಾಗಿ ವರ್ಣಿಸುತ್ತಾರೆ ಗಮನಿಸಿ. "ಮುಂಜಾನಿ ಎದ್ದಾಗ ಮಾರಿ ಬಾತಿರ್ತೈತ್ರಿ, ಸಂಜಿಕ ಇಳೀತೈತ್ರಿ. ಈಗ ಕಾಲಿಗೂ ಬಂದೈತ್ರಿ." ಪಠ್ಯಪುಸ್ತಕದಲ್ಲೂ ನೆಫ್ರಾಟಿಕ್ ಸಿಂಡ್ರೋಮ್ ಬಗ್ಗೆ ಇದಕ್ಕಿಂತ ಚೆಂದ ಬರೆದಿರುವುದಿಲ್ಲ. ಆದರೂ ಎಷ್ಟೋ ಮಕ್ಕಳು ಮೊದಲ ಎರಡು ವಾರ ಕಣ್ಣಿಗೆ ಹನಿ ಹಾಕಿಸಿಕೊಂಡು, ನಂಜೆಂದು ಪಥ್ಯ ಮಾಡಿ ಬಂದಿರುತ್ತವೆ. ತಾಯಿ ಸರಿಯಾಗಿಯೇ ಹೇಳಿದ್ದಳು, ಕೇಳಿಸಿಕೊಂಡವರಿಗೆ ತಿಳಿಯಲಿಲ್ಲ. ಬಾತ ಮುಖದ ಮಗು ಬಂದರೆ ಮೊದಲು ಮೂತ್ರ ನೋಡಿ ಎಂಬ ಒಂದು ಮಾತು ಪ್ರತಿ ಉಪಕೇಂದ್ರದ ಗೋಡೆಯ ಮೇಲೆ ಇರಬೇಕು.

ಈ ಕಾಯಿಲೆಯನ್ನು ಮನೆಯವರಿಗೆ ತಿಳಿಸುವಾಗ ನಾನು ಸಾಣಿಗೆಯನ್ನು ನೆನಪಿಸುತ್ತೇನೆ. ಸಾಣಿಗೆಯ ಕಣ್ಣು ಹರಿದು ದೊಡ್ಡದಾದರೆ ಹಿಟ್ಟಿನ ಜೊತೆ ತೌಡೂ ಕೆಳಗೆ ಬೀಳುತ್ತದೆ. ಕಿಡ್ನಿಯೂ ಒಂದು ಸಾಣಿಗೆ. ಅದರ ಕಣ್ಣು ಹಿಗ್ಗಿದರೆ ರಕ್ತದಲ್ಲಿ ಹಿಡಿದಿಡಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ, ಅದಕ್ಕೇ ಮೈ ಬಾಯುತ್ತದೆ. ಹೆಚ್ಚಾಗಿ 2ರಿಂದ 6 ವರ್ಷದ ಮಕ್ಕಳಲ್ಲಿ ಇದು ಶುರುವಾಗುತ್ತದೆ. ಸ್ಟಿರಾಯ್ಡ್ ಬರುವ ಮೊದಲು ಇಂಥ ಎಷ್ಟೋ ಮಕ್ಕಳು ಸೋಂಕಿಗೆ ಬಲಿಯಾಗುತ್ತಿದ್ದವು. ಇಂದು ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಯಿಲೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆಗೆ ಬಗ್ಗುತ್ತದೆ. ಮೊದಲ ಸಲ ಬಂದಾಗ 6 ವಾರ ದಿನಾಲೂ, ಮುಂದೆ 6 ವಾರ ದಿನ ಬಿಟ್ಟು ದಿನ ಗುಳಿಗೆ.

ಕೇಳಲು ಇಷ್ಟೇ. ಆದರೆ ಮೂರನೇ ವಾರಕ್ಕೆ ಬಾವು ಪೂರ್ತಿ ಇಳಿದಿರುತ್ತದೆ, ಮಗು ಓಣಿಯಲ್ಲಿ ಆಡುತ್ತಿರುತ್ತದೆ. ಮನೆಗೆ ಬಂದ ಬೀಗರು "ಆರಾಮ ಆಗ್ಯಾನಲ್ಲ, ಇನ್ಯಾಕ ಅಷ್ಟ ಗುಳಿಗಿ" ಎನ್ನುತ್ತಾರೆ. ಗುಳಿಗೆ ನಿಲ್ಲುತ್ತದೆ. ಬಾವು ಇಳಿಯುವುದು ಬೇರೆ, ಕಾಯಿಲೆ ಅಡಗುವುದು ಬೇರೆ ಎಂದು ಆ ತಾಯಿಗೆ ನಾವು ಹೇಳಿರಲಿಲ್ಲ. ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ತಾನೇ ತಯಾರಿಸಬೇಕಾದ ಹಾರ್ಮೋನು ಸಮಯಕ್ಕೆ ಒದಗದೆ ಮಗು ಕುಸಿದು ಬೀಳಬಹುದು ಎಂಬುದನ್ನೂ ಹೇಳಿರಲಿಲ್ಲ. ಚೀಟಿಯ ಮೇಲೆ ಬರೆದಿದ್ದೆವು. ಬರೆದದ್ದು ಹೇಳಿದಂತಲ್ಲ, ಹೇಳಿದ್ದು ಕಲಿಸಿದಂತಲ್ಲ.

ಕಲಿಸುವುದು ಎಂದರೆ ಏನು? ಒಂದು ವಹಿ, ಒಂದು ಗಾಜಿನ ಟ್ಯೂಬು. ಮುಂಜಾನೆಯ ಮೊದಲ ಮೂತ್ರವನ್ನು ಟ್ಯೂಬಿನ ಮುಕ್ಕಾಲು ಭಾಗ ತುಂಬಿ, ಮೇಲಿನ ಭಾಗವನ್ನಷ್ಟೇ ದೀಪದ ಉರಿಗೆ ಹಿಡಿದು ಕಾಯಿಸಬೇಕು. ತಿಳಿಯಾಗಿ ಉಳಿದರೆ ಪ್ರೋಟೀನು ಇಲ್ಲ. ಮಸುಕಾದರೆ ಒಂದೆರಡು ಹನಿ ವಿನೆಗರ್ ಹಾಕಿ ನೋಡಬೇಕು. ಮಸುಕು ಕರಗಿಹೋದರೆ ಅದು ಪ್ರೋಟೀನಲ್ಲ, ಉಳಿದರೆ ಪ್ರೋಟೀನು. ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ಸೋರಿಕೆ ಜೋರಾಗಿದೆ ಎಂದರ್ಥ. ಅಂಗಡಿಯ ಪರೀಕ್ಷಾ ಪಟ್ಟಿಯಲ್ಲೂ ನೋಡಬಹುದು, ಅದಕ್ಕೆ ದುಡ್ಡು ಹೆಚ್ಚು. ಕಂಡದ್ದನ್ನು ವಹಿಯಲ್ಲಿ ಬರೆದಿಡಬೇಕು. ಸತತ 3 ದಿನ ತಿಳಿಯಾಗಿದ್ದರೆ ಕಾಯಿಲೆ ಅಡಗಿದೆ. ಸತತ 3 ದಿನ ಜೋರು ಸೋರಿಕೆ, ಅಂದರೆ ಮೂರು ಅಥವಾ ನಾಲ್ಕು ಪ್ಲಸ್, ಬಂದರೆ ಮರುಕಳಿಸಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಇದು ಮರುಕಳಿಸುತ್ತದೆ, ಬಹಳ ಸಲ ಒಂದು ನೆಗಡಿಯ ಹಿಂದೆಯೇ. ಮುಖ ಬಾಯುವ ಮೊದಲೇ ವಹಿ ಅದನ್ನು ಹೇಳುತ್ತದೆ.

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ತಾಯಂದಿರು ಇದನ್ನು ಒಂದೇ ಮುಂಜಾನೆಯಲ್ಲಿ ಕಲಿತದ್ದನ್ನು ನಾನು ಕಂಡಿದ್ದೇನೆ. ಹಾಲು ಕಾಯಿಸಿ, ಹೆಪ್ಪು ಹಾಕಿ, ಒಡೆದದ್ದನ್ನು ಕಣ್ಣಿನಿಂದಲೇ ಗುರುತಿಸಿ ಬೆಳೆದ ಕೈಗಳು ಅವು. ಒಬ್ಬ ತಾಯಿಗೆ ಅಂಕಿ ಬರೆಯಲು ಬರುತ್ತಿರಲಿಲ್ಲ. ತಿಳಿಯಾದ ದಿನ ಕ್ಯಾಲೆಂಡರಿನಲ್ಲಿ ಅರಿಷಿಣದ ಬೊಟ್ಟು, ಒಡೆದ ದಿನ ಕುಂಕುಮದ ಬೊಟ್ಟು ಇಡುತ್ತಿದ್ದಳು. ಆ ಕ್ಯಾಲೆಂಡರನ್ನು ಓದಲು ನನಗೆ ಒಂದು ನಿಮಿಷ ಸಾಕಾಯಿತು. ನನ್ನ ಚೀಟಿಯನ್ನು ಓದಲು ಅವಳಿಗೆ ಯಾರೂ ಸಿಕ್ಕಿರಲಿಲ್ಲ.

ಇನ್ನು ಊಟ. "ಉಪ್ಪು ಕಡಿಮೆ ಮಾಡಿ" ಎಂದು ಹೇಳಿ ಕಳಿಸುತ್ತೇವೆ. ನಮ್ಮ ಬಹುಪಾಲು ಮನೆಗಳ ಜೋಳದ ರೊಟ್ಟಿಗೆ ಉಪ್ಪೇ ಬೀಳುವುದಿಲ್ಲ. ಉಪ್ಪು ಅಡಗಿರುವುದು ಅದರ ಪಕ್ಕದಲ್ಲಿ: ಶೇಂಗಾ ಚಟ್ನಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚೂಡಾ, ಚಿಪ್ಸ್ ಪಾಕೀಟು. ರೊಟ್ಟಿ ಬಿಡಿಸಬೇಡಿ, ಚಟ್ನಿ ಬದಲಿಸಿ ಎಂದರೆ ತಾಯಿಗೆ ದಾರಿ ಕಾಣುತ್ತದೆ. ಮನೆಮಂದಿಗೆಲ್ಲ ರಂಜಕ ಬಡಿಸಿ ಒಂದು ಮಗುವಿಗೆ ಮಾತ್ರ ಬೇಡ ಎಂದರೆ ಮಗು ಕದ್ದು ತಿನ್ನುತ್ತದೆ. ಬಾವು ಇರುವಷ್ಟು ದಿನ ಮನೆಯವರೆಲ್ಲ ಸಪ್ಪೆ ಉಂಡರೆ ಅದೂ ಒಂದು ಔಷಧಿ. ಗೋಕಾಕದ ಕರದಂಟನ್ನೇ ತೆಗೆದುಕೊಳ್ಳಿ. ಅದರಲ್ಲಿ ಉಪ್ಪಿಲ್ಲ, ಕಿಡ್ನಿ ಕೆಲಸ ಸರಿಯಾಗಿರುವ ಮಗುವಿಗೆ ಒಂದು ತುಂಡು ಕೊಟ್ಟರೆ ತಪ್ಪಿಲ್ಲ. ಆದರೆ ಕಿಡ್ನಿಯ ಕೆಲಸವೇ ಕುಗ್ಗಿರುವ ಮಗುವಿಗೆ ಅದರ ಬೆಲ್ಲ, ಒಣಹಣ್ಣುಗಳ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ ತರಬಲ್ಲದು. ಒಂದೇ ಊರಿನ ಒಂದೇ ತಿನಿಸು, ಎರಡು ಮಕ್ಕಳಿಗೆ ಎರಡು ಉತ್ತರ. ಆದ್ದರಿಂದ ಪಥ್ಯದ ಅಚ್ಚುಹಾಕಿದ ಪಟ್ಟಿಯೊಂದನ್ನೇ ಎಲ್ಲರಿಗೂ ಹಂಚುವುದು ನಿಲ್ಲಬೇಕು.

ಕಿಡ್ನಿಯ ಕೆಲಸ ಕುಗ್ಗಿರುವ ಆ ಎರಡನೆಯ ಗುಂಪಿನ ಮಕ್ಕಳ ಬಗ್ಗೆ ಇನ್ನೂ ಹೆಚ್ಚು ಮಾತಾಡಬೇಕು. ಮಕ್ಕಳಲ್ಲಿ ದೀರ್ಘಕಾಲದ ಕಿಡ್ನಿ ವೈಫಲ್ಯಕ್ಕೆ ದೊಡ್ಡ ಕಾರಣ ಹುಟ್ಟಿನಿಂದ ಬಂದ ರಚನೆಯ ದೋಷ. ಗಂಡುಕೂಸು ಹನಿಹನಿಯಾಗಿ ಮೂತ್ರ ಮಾಡುತ್ತಿದ್ದರೆ ಮೂತ್ರನಾಳದಲ್ಲಿ ಅಡ್ಡ ಪರದೆ ಇರಬಹುದು. ಬಸಿರಿನ ಸ್ಕ್ಯಾನಿಂಗಿನಲ್ಲೇ ಎಷ್ಟೋ ಸಲ ಸುಳಿವು ಸಿಕ್ಕಿರುತ್ತದೆ, ಹೆರಿಗೆಯಾದ ಮೇಲೆ ಆ ಕಾಗದ ಟ್ರಂಕಿನ ತಳ ಸೇರುತ್ತದೆ. ಮಗು ಬೆಳೆಯುತ್ತಿಲ್ಲ, ಕಾಲು ಬಾಗುತ್ತಿವೆ, ಮುಖ ಬಿಳಿಚಿದೆ ಎಂದು ಬರುವ ಹೊತ್ತಿಗೆ ಕಿಡ್ನಿ ಬಹಳಷ್ಟು ಹೋಗಿರುತ್ತದೆ. ಇಂಥ ಮಗುವಿಗೆ ಜ್ವರ, ನೋವು ಬಂತೆಂದು ಹಾಕಿಸುವ ಡೈಕ್ಲೋಫಿನಾಕ್ ಸೂಜಿ, ಹೆಸರಿಲ್ಲದ ಪುಡಿ, ಎರಡೂ ಉಳಿದ ಕಿಡ್ನಿಯನ್ನು ಇನ್ನಷ್ಟು ಹಾಳು ಮಾಡುತ್ತವೆ.

ಡಯಾಲಿಸಿಸ್ ಎಂಬ ಮಾತು ಬಂದೊಡನೆ ತಂದೆತಾಯಿ ಕುಗ್ಗಿಹೋಗುತ್ತಾರೆ. 2016ರಿಂದ ನಡೆದಿರುವ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಯಂತ್ರಗಳು ಸಣ್ಣ ಊರುಗಳಿಗೂ ಬಂದಿವೆ, ಒಳ್ಳೆಯದು. ಆದರೆ ಅವು ಬಹುತೇಕ ದೊಡ್ಡವರ ಅಳತೆಯವು. 10 ಕೆಜಿಯ ಮಗುವಿಗೆ ಹೊಂದುವುದು ಹೆಚ್ಚಾಗಿ ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್. ದಿನಕ್ಕೆ ಹಲವು ಸಲ ಚೀಲ ಬದಲಿಸಬೇಕು, ಪ್ರತಿ ಸಲವೂ ಕೈ ತೊಳೆದು, ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ. ಒಮ್ಮೆ ಕೈ ಮೈಲಿಗೆಯಾದರೂ ಹೊಟ್ಟೆಯೊಳಗೆ ಸೋಂಕು. ಇದನ್ನು ಮಾಡುವವಳೂ ತಾಯಿಯೇ.

ಕಿಡ್ನಿ ಕಸಿಯ ಹೊತ್ತು ಬಂದಾಗಲೂ ಕೊಡಲು ಮುಂದೆ ಬರುವವಳು ಹೆಚ್ಚಾಗಿ ತಾಯಿ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ಅಜ್ಜ, ಅಜ್ಜಿಯರೂ ಹತ್ತಿರದ ಸಂಬಂಧಿಗಳ ಸಾಲಿಗೆ ಸೇರಿದ್ದಾರೆ. ಮುತ್ಯಾ ಕೊಡಬಹುದು, ಆಯಿ ಕೊಡಬಹುದು ಎಂಬುದು ಎಷ್ಟು ಮನೆಗಳಿಗೆ ಗೊತ್ತಿದೆ?

ತಾಯಿ ಹೊರುವ ಇನ್ನೊಂದು ಭಾರದ ಬಗ್ಗೆ ಸಂಕೋಚವಿಲ್ಲದೆ ಹೇಳಬೇಕು. ಮಗುವಿಗೆ ಕಿಡ್ನಿ ಕಾಯಿಲೆ ಎಂದ ಕೂಡಲೇ "ಬಸಿರಿದ್ದಾಗ ಏನ್ ತಿಂದಿದ್ದಿ" ಎಂಬ ಪ್ರಶ್ನೆ ಅವಳಿಗೆ. ಸೋದರಮಾವನ, ಅತ್ತೆಯ ಮಗನ ಸಂಬಂಧ ನಮ್ಮಲ್ಲಿ ಹಳೆಯದು. ಕೆಲವು ಆನುವಂಶಿಕ ಕಿಡ್ನಿ ಕಾಯಿಲೆಗಳು ಅಂಥ ಮನೆಗಳಲ್ಲಿ ಹೆಚ್ಚು ಕಾಣಿಸುತ್ತವೆ. ಆದರೆ ಅವು ಬರುವುದು ತಂದೆಯ ಒಂದು ಪಾಲು, ತಾಯಿಯ ಒಂದು ಪಾಲು ಕೂಡಿದಾಗ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ. ಲೆಕ್ಕ ಸಮಪಾಲಿನದು, ದೂರು ಮಾತ್ರ ಒಬ್ಬಳ ಮೇಲೆ. ಗಂಡನನ್ನೂ ಅತ್ತೆಯನ್ನೂ ಕೂರಿಸಿ ಇದನ್ನು ಬಾಯಿಬಿಟ್ಟು ಹೇಳುವುದು ವೈದ್ಯರ ಕೆಲಸ.

ಶಿಕ್ಷಕರಿಗೆ ಒಂದು ಮಾತು. ಸ್ಟಿರಾಯ್ಡ್ ತಗೊಳ್ಳುವ ಮಗುವಿನ ಮುಖ ದುಂಡಗಾಗುತ್ತದೆ, ಹಸಿವು ಕೆರಳುತ್ತದೆ, ಸಿಟ್ಟು ಬೇಗ ಬರುತ್ತದೆ. ಅದು ಮಗುವಿನ ಗುಣವಲ್ಲ, ಗುಳಿಗೆಯ ಗುಣ. "ಡುಮ್ಮ" ಎಂದು ಅಡ್ಡಹೆಸರಿಟ್ಟ ತರಗತಿಗೆ ಮಗು ಮರಳಿ ಹೋಗುವುದಿಲ್ಲ. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಎದ್ದರೆ ಅದೇ ದಿನ ಸ್ಟಿರಾಯ್ಡ್ ತಗೊಳ್ಳುವ ಮಗುವಿನ ಮನೆಗೆ ಸುದ್ದಿ ಮುಟ್ಟಿಸಿ. ಉಳಿದವರಿಗೆ ತಾನಾಗಿ ಮಾಯುವ ಚಿಕನ್‌ಪಾಕ್ಸ್ ಈ ಮಗುವಿನ ಜೀವಕ್ಕೆ ಎರವಾಗಬಹುದು.

ದಾರಿಯ ಖರ್ಚಿನ ಬಗ್ಗೆ ಇಲ್ಲಿ ಕುಳಿತವರಿಗೆ ನಾನು ಹೇಳಬೇಕಾಗಿಲ್ಲ. ಬೆಳಗಾವಿಗೆ ಹೋದರೂ, ಘಟಪ್ರಭಾದಲ್ಲಿ ರೈಲು ಹತ್ತಿ ಮಿರಜಕ್ಕೆ ಹೋದರೂ ಒಂದು ದಿನದ ಕೂಲಿ ಹೋಯಿತು. ಮಕ್ಕಳ ಕಿಡ್ನಿ ತಜ್ಞರನ್ನು ಕಾಣಲು ಬೆಂಗಳೂರಿಗೇ ಹೋಗಬೇಕಾದರೆ ಮೂರು ದಿನ. ಕಬ್ಬು ಕಟಾವಿನ ಹಂಗಾಮಿನಲ್ಲಿ ನಮ್ಮ ತಪಾಸಣೆಗೆ ಬರುವ ಮಕ್ಕಳು ಕಡಿಮೆಯಾಗುತ್ತಾರೆ. ಅದನ್ನು ತಂದೆತಾಯಿಯ ನಿರ್ಲಕ್ಷ್ಯ ಎಂದು ಕೇಸ್‌ಪೇಪರಿನಲ್ಲಿ ಬರೆಯುವ ಚಾಳಿ ನನಗೂ ಇತ್ತು. ಈಗ ಬಿಟ್ಟಿದ್ದೇನೆ.

ಆದ್ದರಿಂದ ಇಂದಿನ ಗೋಷ್ಠಿಗಳ ಮುಂದೆ ಮೂರು ಕೆಲಸ ಇಡುತ್ತೇನೆ. ಮನೆಯಲ್ಲಿ ಮಾಡಬೇಕಾದ ಮೂತ್ರ ಪರೀಕ್ಷೆಯನ್ನು ತಾನೇ ಮಾಡಿ ತೋರಿಸದ ಹೊರತು ಯಾವ ತಾಯಿಯನ್ನೂ ಆಸ್ಪತ್ರೆಯಿಂದ ಕಳಿಸಬಾರದು ಎಂಬ ನಿಯಮಕ್ಕೆ ಒಪ್ಪಿಗೆಯಾಗಲಿ. ಪ್ರತಿ ಮಗುವಿನ ವಹಿಯನ್ನು ವಾರಕ್ಕೊಮ್ಮೆ ನೋಡಿ ರಕ್ತದೊತ್ತಡ ಅಳೆಯುವ ಹೊಣೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಹೊರಲಿ. ತಾಯಿಯ ಜೊತೆ ಇನ್ನೊಬ್ಬರಿಗೆ, ತಂದೆಗೋ ಅಜ್ಜಿಗೋ, ಅದೇ ಕೆಲಸ ಕಲಿಸೋಣ. ತಾಯಿಗೂ ಒಂದು ದಿನ ಜ್ವರ ಬರುತ್ತದೆ.

ಕಾರ್ಯಕ್ರಮ ಪಟ್ಟಿಯ ಪ್ರಕಾರ ಮೊದಲ ಗೋಷ್ಠಿ ತಜ್ಞ ವೈದ್ಯರದು. ಸಂಘಟಕರಲ್ಲಿ ನನ್ನದೊಂದು ವಿನಂತಿ. ಅದಕ್ಕೂ ಮುಂಚೆ ಅರ್ಧ ಗಂಟೆ ಹಿಂದಿನ ಸಾಲಿನಲ್ಲಿ ಮಕ್ಕಳೊಂದಿಗೆ ಕುಳಿತಿರುವ ತಾಯಂದಿರಿಗೆ ಕೊಡಿ. ಮೇಜಿನ ಮೇಲೆ ಒಂದು ದೀಪ, ಒಂದು ಟ್ಯೂಬು ಇಡಿ. ಅವರು ಮಾಡಿ ತೋರಿಸಲಿ, ನಾವು ಕುಳಿತು ನೋಡೋಣ.