ಗ್ಯಾಸ್ ಹಾಕುವ ಮುನ್ನ
(ಕಾರಿನ ಎಸಿ ಮತ್ತು ಹೀಟರ್ ದೋಷಪತ್ತೆ ಕುರಿತು ಮಾಕಳಿಯ ವಿಚಾರ ಸಂಕಿರಣದಲ್ಲಿ ಮಾಡಿದ ಆಶಯ ಭಾಷಣ)



ಈ ಮಾತುಕತೆಗೆ ಮಾಕಳಿ ತಕ್ಕ ಜಾಗ. ಇಲ್ಲಿ ಹಾದುಹೋಗುವ ತುಮಕೂರು ರಸ್ತೆಯೇ ನಮಗೊಂದು ಪರೀಕ್ಷಾ ಮಾರ್ಗ. "ಪೀಣ್ಯದ ಫ್ಲೈಓವರ್ ಮೇಲೆ ಹೋಗುವಾಗ ಚೆನ್ನಾಗಿ ತಣ್ಣಗಿರುತ್ತೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ ಬರುತ್ತೆ" ಎಂದು ಗಿರಾಕಿ ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿದಂತೆ. ಗಾಡಿ ಓಡುವಾಗ ಎದುರುಗಾಳಿ ಕಂಡೆನ್ಸರ್‌ನ ಶಾಖವನ್ನು ಹೊತ್ತೊಯ್ಯುತ್ತದೆ. ನಿಂತಾಗ ಆ ಕೆಲಸಕ್ಕೆ ಫ್ಯಾನ್ ಒಂದೇ ಗತಿ. ಹಾಗಾಗಿ ಮೊದಲ ಅನುಮಾನ ಫ್ಯಾನಿನ ಮೇಲೆ, ಅದರ ರಿಲೇ ಮೇಲೆ, ಕಂಡೆನ್ಸರ್‌ನ ರೆಕ್ಕೆಗಳ ನಡುವೆ ಕೂತ ಧೂಳಿನ ಮೇಲೆ ಬೀಳಬೇಕು. ಆದರೆ ಅಂಥ ಗಾಡಿಗೂ ನಮ್ಮಲ್ಲಿ ಸಿಗುವ ಉತ್ತರ ಒಂದೇ: "ಗ್ಯಾಸ್ ಕಡಿಮೆಯಾಗಿದೆ, ಹಾಕಿಸಿ ಸಾರ್."

ಈ ಅಭ್ಯಾಸವನ್ನು ನಾವು ಬಿಡಬೇಕು. ಇವತ್ತು ನಿಮ್ಮ ಮುಂದೆ ನಾನು ಇಡುವ ಆಶಯ ಇಷ್ಟೇ. ಎಸಿಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಸುತ್ತಿನಲ್ಲಿ ಅದೇ ಗ್ಯಾಸು ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ ಒಳಗಿನ ಶಾಖ ಹೀರುತ್ತದೆ, ಕಂಡೆನ್ಸರ್‌ನಲ್ಲಿ ದ್ರವವಾಗಿ ಆ ಶಾಖವನ್ನು ಹೊರಗೆ ಬಿಡುತ್ತದೆ. ರಬ್ಬರ್ ಪೈಪು, ಶಾಫ್ಟ್ ಸೀಲುಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಜಿನುಗುವುದು ನಿಜ. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ಕೇಳುವ ಗಾಡಿಯಲ್ಲಿ ಲೀಕ್ ಇದ್ದೇ ಇದೆ. ಅದನ್ನು ಹುಡುಕದೆ ಗ್ಯಾಸ್ ತುಂಬುವುದು ಪಂಕ್ಚರ್ ಆದ ಟ್ಯೂಬಿಗೆ ಗಾಳಿ ಹೊಡೆದು ಕಳಿಸಿದಂತೆ.

ದೋಷಪತ್ತೆ ಪ್ರಶ್ನೆಗಳಿಂದ ಶುರುವಾಗಲಿ. ಕೂಲಿಂಗ್ ಒಂದೇ ದಿನಕ್ಕೆ ನಿಂತಿತೋ, ತಿಂಗಳುಗಟ್ಟಲೆ ಇಳಿಯುತ್ತಾ ಬಂತೋ? ಒಮ್ಮೆಲೇ ನಿಂತಿದ್ದರೆ ಫ್ಯೂಸ್, ರಿಲೇ, ಬೆಲ್ಟ್, ಕಂಪ್ರೆಸರ್ ಕ್ಲಚ್ ನೋಡಬೇಕು. ನಿಧಾನವಾಗಿ ಇಳಿದಿದ್ದರೆ ಲೀಕ್ ಹುಡುಕಬೇಕು. ಅರ್ಧ ಗಂಟೆ ಚೆನ್ನಾಗಿ ಬಂದು, ಆಮೇಲೆ ಗಾಳಿಯೇ ಕಡಿಮೆಯಾಗಿ, ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆಯೇ? ಹಾಗಿದ್ದರೆ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ. ಅದಕ್ಕೆ ಕಾಯಿಲ್ ಸೆನ್ಸರ್ ಕಾರಣವಿರಬಹುದು, ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಈ ರಸ್ತೆಯ ಧೂಳಿನಲ್ಲಿ ಓಡಾಡುವ ಗಾಡಿಯ ಫಿಲ್ಟರನ್ನು ಒಮ್ಮೆ ಬಿಚ್ಚಿ ಗಿರಾಕಿಗೆ ತೋರಿಸಿ. ನೀವು ವಿವರಿಸಬೇಕಾದದ್ದೇ ಉಳಿಯುವುದಿಲ್ಲ.

ಇನ್ನು ಗೇಜಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ತಪ್ಪು ತೀರ್ಮಾನಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಎಂಜಿನ್ ಆಫ್ ಇದ್ದಾಗ ಗೇಜ್ ಹಚ್ಚಿ, ಒತ್ತಡ ನೋಡಿ, ಗ್ಯಾಸ್ ಪೂರ್ತಿ ಇದೆ ಎನ್ನುವವರಿದ್ದಾರೆ. ಆರ್-134ಎ ಗ್ಯಾಸು 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್ಐ ತೋರಿಸುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ಅರ್ಧ ಇದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಅದು ಉಷ್ಣತೆಯ ಅಂಕಿ, ಪ್ರಮಾಣದ ಅಂಕಿಯಲ್ಲ. ಪ್ರಮಾಣ ತಿಳಿಯಲು ಇರುವುದು ತಕ್ಕಡಿ: ಇರುವುದನ್ನು ಹೊರತೆಗೆದು ತೂಗಿ, ಬಾನೆಟ್ಟಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಹಾಕಬೇಕು. ಎಂಜಿನ್ ಓಡುವಾಗಿನ ಅಂಕಿಗಳು ಬೇರೆ ಕಥೆ ಹೇಳುತ್ತವೆ. ಲೋ, ಹೈ ಎರಡೂ ಬದಿಯ ಒತ್ತಡ ಕಡಿಮೆಯಿದ್ದರೆ ಗ್ಯಾಸಿನ ಕೊರತೆಯ ಅನುಮಾನ. ಎರಡೂ ಹೆಚ್ಚಿದ್ದರೆ ಕಂಡೆನ್ಸರ್‌ಗೆ ಗಾಳಿ ಸಾಲದು, ಇಲ್ಲವೇ ಗ್ಯಾಸು ಅತಿಯಾಗಿದೆ. ಲೋ ಹೆಚ್ಚಿ, ಹೈ ಕುಸಿದಿದ್ದರೆ ಕಂಪ್ರೆಸರ್ ಸೋತಿದೆ. ಲೋ ಬದಿ ವ್ಯಾಕ್ಯೂಮ್ ಕಡೆಗೇ ಇಳಿದರೆ ಎಲ್ಲೋ ಅಡಚಣೆಯಿದೆ, ಎಕ್ಸ್‌ಪಾನ್ಶನ್ ವಾಲ್ವ್ ನೋಡಿ.

ಗ್ಯಾಸ್ ಹಾಕುವ ಮುನ್ನ ವ್ಯಾಕ್ಯೂಮ್ ಮಾಡುವಾಗ ನಮ್ಮ ಊರಿನದೇ ಒಂದು ವಿಶೇಷವಿದೆ. ಪಠ್ಯಪುಸ್ತಕಗಳು 29 ಇಂಚು ಮುಟ್ಟಬೇಕು ಎನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿನ ವಾಯುಭಾರವೇ ಸುಮಾರು 27 ಇಂಚು ಪಾದರಸದಷ್ಟು. ಮಾಕಳಿಯಲ್ಲಿ ಎಷ್ಟೇ ಒಳ್ಳೆಯ ಪಂಪು ಹಚ್ಚಿದರೂ ಮುಳ್ಳು ಅದನ್ನು ದಾಟದು. 27ರ ಹತ್ತಿರ ನಿಂತರೆ ಪಂಪು ಕೆಟ್ಟಿದೆ ಎಂದು ಎಸೆಯಬೇಡಿ. ಆದರೆ 24ಕ್ಕೇ ತೃಪ್ತರಾಗಲೂಬೇಡಿ: ಒಳಗಿನ ತೇವಾಂಶ 30 ಡಿಗ್ರಿಯಲ್ಲಿ ಕುದಿದು ಹೊರಬರಬೇಕಾದರೆ ಇಲ್ಲಿ ಮುಳ್ಳು ಸುಮಾರು 26ನ್ನು ಮುಟ್ಟಲೇಬೇಕು. ತೇವ ಉಳಿದರೆ ಅದು ಗ್ಯಾಸು, ಎಣ್ಣೆಗಳ ಜೊತೆ ಸೇರಿ ಆಮ್ಲವಾಗಿ ಒಳಗಿಂದಲೇ ಲೋಹವನ್ನು ತಿನ್ನುತ್ತದೆ. ಈ ಅಂಕಿಗಳನ್ನು ಅಧ್ಯಾಪಕ ಮಿತ್ರರು ತರಗತಿಯ ಗೋಡೆಯ ಮೇಲೆ ಬರೆಸಬೇಕೆಂದು ಕೋರುತ್ತೇನೆ.

ಹೀಟರ್ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಬೆಂಗಳೂರಿನ ಚಳಿಗೆ ಅದು ಬೇಕಾಗದಿರಬಹುದು, ಆದರೆ ಜುಲೈ ಮಳೆಯಲ್ಲಿ, ಡಿಸೆಂಬರಿನ ಮುಂಜಾನೆ ನೆಲಮಂಗಲದ ಮಂಜಿನಲ್ಲಿ ಮುಂದಿನ ಗಾಜು ಮಬ್ಬಾದಾಗ ಜೀವ ಉಳಿಸುವುದು ಎಸಿ ಮತ್ತು ಹೀಟರ್ ಎರಡೂ ಸೇರಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗಾಗಿಸುತ್ತದೆ. ಬಿಸಿ ಬರದಿದ್ದರೆ ಹೀಟರಿನ ಎರಡು ಹೋಸುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಬಿಸಿಯಿದ್ದರೆ ತೊಂದರೆ ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಿರುಗಿಸುವ ಬಾಗಿಲಿನಲ್ಲಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿದೆ, ಇಲ್ಲವೇ ಏರ್‌ಲಾಕ್ ಆಗಿದೆ. ಎರಡೂ ಉಗುರುಬೆಚ್ಚಗಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು, ಕೂಲೆಂಟ್ ಕಡಿಮೆಯಿರಬಹುದು. ರೇಡಿಯೇಟರ್‌ಗೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕುವ ರೂಢಿ ಕೋರಿನ ಸಣ್ಣ ಕೊಳವೆಗಳಲ್ಲಿ ಬಿಳಿ ಪದರ ಕಟ್ಟಿಸುತ್ತದೆ. ಎಡಬದಿಯ ಮ್ಯಾಟ್ ಒದ್ದೆಯಾದಾಗ ಬೆರಳು ಹಚ್ಚಿ ನೋಡಿ: ತಿಳಿನೀರಾದರೆ ಕಾಯಿಲ್‌ನ ಡ್ರೈನ್ ಪೈಪು ಕಟ್ಟಿದೆ, ಜಿಡ್ಡಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ.

ಲೀಕನ್ನು ಬಿಟ್ಟು ಗ್ಯಾಸ್ ತುಂಬುವುದರ ಬೆಲೆ ಗಿರಾಕಿಯ ಜೇಬಿಗೆ ಮಾತ್ರ ಸೀಮಿತವಲ್ಲ. ಹಳೆಯ ಆರ್-12 ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಅಂತ್ಯ ಹಾಡಿತು. ನಂತರ ಬಂದ ಆರ್-134ಎ ಓಝೋನಿಗೆ ನಿರಪಾಯ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1430 ಪಟ್ಟು ಬಲಶಾಲಿ. ಒಂದು ಗಾಡಿಯ 450 ಗ್ರಾಂ ಗಾಳಿಗೆ ಬಿಟ್ಟರೆ ಹೆಚ್ಚುಕಡಿಮೆ 280 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಈ ಜಾತಿಯ ಗ್ಯಾಸುಗಳ ಬಳಕೆಗೆ 2028ರಿಂದ ಮಿತಿ, 2032ರಿಂದ ಇಳಿಕೆ. ಪೈಪ್ ಬಿಚ್ಚಿ 'ಪುಸ್' ಎಂದು ಬಿಡುವ ಕೈ ಇನ್ನು ರಿಕವರಿ ಮೆಷಿನ್ ಹಿಡಿಯಬೇಕು. ಒಬ್ಬೊಬ್ಬರಿಗೆ ಅದು ದುಬಾರಿ ಎಂದು ಬಲ್ಲೆ. ನಾಲ್ಕೈದು ಗ್ಯಾರೇಜುಗಳು ಸೇರಿ ಒಂದನ್ನು ಕೊಳ್ಳುವ ದಾರಿಯನ್ನು ಇವತ್ತಿನ ಗೋಷ್ಠಿ ಚರ್ಚಿಸಲಿ.

ಕೆಲಸ ಹೆಚ್ಚುವ ಕಾಲವೂ ಇದೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಸುಡುಬಿಸಿಲಿನಲ್ಲಿ ಎಂಜಿನ್ ಕಾವಿನ ಪಕ್ಕ ಕೂತು ದುಡಿದ ಚಾಲಕರಿಗೆ ತಡವಾಗಿ ಸಿಕ್ಕ ನ್ಯಾಯ ಇದು. ಆ ಲಾರಿಗಳು ಕೆಟ್ಟಾಗ ನಿಲ್ಲುವುದು ಈ ರಸ್ತೆಯ ಬದಿಯಲ್ಲೇ. ವಿದ್ಯುತ್ ಕಾರುಗಳೂ ಬರುತ್ತಿವೆ. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಹರಿಯುವ ಆ ಕಂಪ್ರೆಸರ್‌ಗೆ ಕೈಗೆ ಸಿಕ್ಕ ಎಣ್ಣೆ ಹಾಕುವಂತಿಲ್ಲ, ತರಬೇತಿಯಿಲ್ಲದೆ ಮುಟ್ಟುವಂತೆಯೂ ಇಲ್ಲ.

ಮಧ್ಯಾಹ್ನದ ಪ್ರಾತ್ಯಕ್ಷಿಕೆಗೆ ದೋಷವಿರುವ ಗಾಡಿಗಳನ್ನು ಅಂಗಳದಲ್ಲಿ ನಿಲ್ಲಿಸಿದ್ದಾರೆ. ನನ್ನದೊಂದು ಕೋರಿಕೆ: ಗೇಜ್ ಹಚ್ಚುವ ಮೊದಲು ಪ್ರತಿ ತಂಡವೂ ಮಾಲೀಕರನ್ನು ಮಾತಾಡಿಸಿ, ಕೈಯಿಂದ ಮುಟ್ಟಿ, ವೆಂಟಿಗೆ ಥರ್ಮಾಮೀಟರ್ ಇಟ್ಟು, ತನ್ನ ಅನುಮಾನವನ್ನು ಜಾಬ್ ಕಾರ್ಡಿನಲ್ಲಿ ಬರೆಯಲಿ. ಅಂಕಿಗಳನ್ನು ಆಮೇಲೆ ಒಟ್ಟಿಗೆ ನೋಡೋಣ.