ಹೆಸರಿಲ್ಲದ ಸೀಸೆ

(ಬೈಲಕುಪ್ಪೆಯಲ್ಲಿ ಸೇರಿದ್ದ ಪಾಲಿಶ್ ಕೆಲಸಗಾರರು, ಬಣ್ಣ ಬಳಿಯುವವರು ಮತ್ತು ಹಾರ್ಡ್‌ವೇರ್ ಅಂಗಡಿಯವರ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸ ಬಿಟ್ಟು ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಅನೇಕರ ಕೈಯಿಂದ ಇನ್ನೂ ಥಿನ್ನರ್ ವಾಸನೆ ಬರುತ್ತಿದೆ. ಇದನ್ನು ಆಕ್ಷೇಪಣೆಯೆಂದು ತಿಳಿಯಬಾರದು. ಈ ಸಂಜೆ ನಾವು ಮಾತನಾಡಬೇಕೆಂದು ಬಂದಿರುವ ವಿಷಯವೇ ಅದು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಮೇಷ್ಟರಾಗಿದ್ದ ಕಾಲದಲ್ಲಿ, ಒಂದು ಬೇಸಿಗೆ ರಜೆಯಲ್ಲಿ ಶಾಲೆಯ ಬೆಂಚುಗಳಿಗೆ ಪಾಲಿಶ್ ಮಾಡಿಸುವ ಕೆಲಸ ನಮ್ಮ ಪಾಲಿಗೆ ಬಂತು. ಹಸಿ ಪಾಲಿಶಿನ ಮೇಲೆ ಧೂಳು ಕೂರಬಾರದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿದೆವು. ಮಧ್ಯಾಹ್ನ ಹೋಗಿ ನೋಡಿದರೆ ಕೆಲಸದ ಹುಡುಗ ಗೋಡೆಗೆ ಒರಗಿ ಕುಳಿತಿದ್ದ. ಮಾತು ತೊದಲುತ್ತಿತ್ತು, ಎದ್ದರೆ ಕಾಲು ನಿಲ್ಲುತ್ತಿರಲಿಲ್ಲ. ಕುಡಿದು ಬಂದಿದ್ದಾನೆಂದು ನಾವು ತೀರ್ಮಾನಿಸಿದೆವು. ನಾಲ್ಕು ಬುದ್ಧಿಮಾತು ಹೇಳಿ, ಅರ್ಧ ದಿನದ ಕೂಲಿ ಹಿಡಿದು ಕಳುಹಿಸಿದೆವು. ಅವನು ಒಂದು ಹನಿಯನ್ನೂ ಕುಡಿದಿರಲಿಲ್ಲ. ನಾವೇ ಮುಚ್ಚಿಸಿದ್ದ ಆ ಕೋಣೆಯ ಗಾಳಿಯನ್ನು ನಾಲ್ಕು ಗಂಟೆ ಉಸಿರಾಡಿದ್ದ, ಅಷ್ಟೇ. ಇದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅವನ ಅರ್ಧ ದಿನದ ಕೂಲಿ ನಮ್ಮ ಮೇಲೆ ಇನ್ನೂ ಸಾಲವಾಗಿಯೇ ಇದೆ.

ಬಣ್ಣವನ್ನೂ ಅರಗನ್ನೂ ಕರಗಿಸಿ ತೆಳ್ಳಗೆ ಮಾಡಿ, ಆಮೇಲೆ ತಾನು ಹಾರಿಹೋಗತಕ್ಕ ದ್ರವವೇ ದ್ರಾವಕ. ಅದು ಹಾರಿಹೋಗುವುದರಿಂದಲೇ ಪಾಲಿಶ್ ಒಣಗುತ್ತದೆ. ಆದರೆ ಹಾರಿ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕಿಟಕಿ ತೆರೆದಿದ್ದರೆ ಬಯಲಿಗೆ, ಮುಚ್ಚಿದ್ದರೆ ಕೆಲಸಗಾರನ ಎದೆಗೆ. ಲ್ಯಾಕರ್ ಕೆಲಸಕ್ಕೆ ಬಳಸುವ ಥಿನ್ನರಿನಲ್ಲಿ ಸಾಮಾನ್ಯವಾಗಿ ಟಾಲ್ಯೂಯಿನ್ ಎಂಬುದು ಇರುತ್ತದೆ. ತಲೆನೋವು, ಅಮಲು, ಮರೆವು ಅದರ ಕೊಡುಗೆ. ಅದರ ಅಣ್ಣನಂತಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರತಕ್ಕದ್ದೆಂದು ಸಿದ್ಧವಾಗಿದೆ. ಪೆಟ್ರೋಲಿನಲ್ಲಿಯೂ ಅದು ಸ್ವಲ್ಪ ಇರುತ್ತದೆ. ಗ್ಯಾರೇಜಿನಲ್ಲಿ ಪೆಟ್ರೋಲಿನಿಂದ ಕೈ ತೊಳೆಯುವ ಸೋದರರು ಇದನ್ನು ಗಮನಿಸಬೇಕು. ಥಿನ್ನರಿನಿಂದ ತೊಳೆದರೂ ಚರ್ಮದ ಜಿಡ್ಡು ಕರಗಿ ಬಿರುಕು ಬಿಡುತ್ತದೆ. ಕೈಗೆ ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿದರೆ ಸಾಕು.

ಮೂಗನ್ನು ನಂಬಬೇಡಿ. ಬೆಳಿಗ್ಗೆ ಕಟುವಾಗಿದ್ದ ವಾಸನೆ ಹತ್ತು ಗಂಟೆಗೆ ಗೊತ್ತಾಗದಂತೆ ಆಗುತ್ತದೆ. ವಾಸನೆ ಹೋಗಿಲ್ಲ, ಮೂಗು ಸೋತಿದೆ. ಮುಖಕ್ಕೆ ಕಟ್ಟುವ ಟವಲು ಧೂಳನ್ನು ತಡೆಯಬಹುದು, ಆವಿಯನ್ನು ತಡೆಯದು. ಅದಕ್ಕೆ ಇದ್ದಿಲಿನ ಪುಡಿ ತುಂಬಿದ ಡಬ್ಬಿಯ ಮುಖವಾಡವೇ ಬೇಕು. ಅದೂ ಇಲ್ಲದಿದ್ದರೆ ಎದುರು ಬದುರಿನ ಎರಡು ಕಿಟಕಿ ತೆರೆದು ಗಾಳಿ ಹಾಯುವಂತೆ ಮಾಡಿಕೊಳ್ಳಿ. ಧೂಳು ಕೂತರೆ ಮತ್ತೊಮ್ಮೆ ಉಜ್ಜಬಹುದು.

ಈಗ ಸ್ಪಿರಿಟಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಫ್ರೆಂಚ್ ಪಾಲಿಶಿಗೆ ಅರಗನ್ನು ಸ್ಪಿರಿಟಿನಲ್ಲಿ ನೆನೆಹಾಕುತ್ತೀರಿ. ಈ ಸ್ಪಿರಿಟು ಸಾರಾಯಿಯ ಜಾತಿಯದೇ. ಸಾರಾಯಿಗೆ ಸುಂಕವಿದೆ, ಕೈಗಾರಿಕೆಯ ಸ್ಪಿರಿಟಿಗೆ ಆ ಸುಂಕವಿಲ್ಲ. ಸುಂಕವಿಲ್ಲದ್ದನ್ನು ಯಾರೂ ಕುಡಿಯಬಾರದೆಂದು ಅದಕ್ಕೆ ಕೆಡುಕು ಪದಾರ್ಥ ಬೆರೆಸುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಹಾಗೆ ಬೆರೆಸುತ್ತ ಬಂದಿರುವವುಗಳಲ್ಲಿ ಒಂದು ಮೀಥೈಲ್ ಆಲ್ಕೋಹಾಲ್, ಅಂದರೆ ಮರದ ಸಾರ. ಬೊಕ್ಕಸದ ಕಾವಲಿಗೆ ವಿಷವನ್ನು ನಿಲ್ಲಿಸಿದ ಲೆಕ್ಕ ಇದು.

ಮರದ ಸಾರವೆಂಬ ಹೆಸರು ಸುಮ್ಮನೆ ಬಂದದ್ದಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮಲೆನಾಡಿನ ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು. ಹೊಗೆಯನ್ನು ತಣಿಸಿ ಹಿಡಿದರೆ ಡಾಂಬರೂ ಈ ಮರದ ಸಾರವೂ ಸಿಗುತ್ತಿತ್ತು. ಈಗ ಇದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ ಮಾಡುತ್ತಾರೆ. ಥಿನ್ನರಿಗೂ ವಾರ್ನಿಷಿಗೂ ಅದು ಒಳ್ಳೆಯ ಪದಾರ್ಥವೇ ಸರಿ. ನೀರಿನಂತೆ ಕಾಣುತ್ತದೆ, ಸಾರಾಯಿಯಂತೆ ವಾಸನೆ ಬರುತ್ತದೆ. ಅನಾಹುತ ಇರುವುದು ಅಲ್ಲೇ.

1981ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮರದ ಸಾರ ಬೆರೆತ ಅಗ್ಗದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನೇ ನಿಷೇಧಿಸಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರದ ಕಡೆಯಲ್ಲೂ ತಮಿಳುನಾಡಿನ ಗಡಿಯಲ್ಲೂ ಕಳ್ಳಬಟ್ಟಿಯಿಂದ 150ಕ್ಕೂ ಹೆಚ್ಚು ಜನ ಹೋದರು. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಬಹುಮಂದಿ ಕೂಲಿಗಳು. ಕುಡಿತ ಕೆಟ್ಟದ್ದೆಂದು ಉಪದೇಶ ಮಾಡಿ ಇದನ್ನು ಮುಗಿಸುವವರಿದ್ದಾರೆ. ಕಾರ್ಖಾನೆಗೆ ಹೋಗಬೇಕಾದ ಪೀಪಾಯಿ ಕಳ್ಳಭಟ್ಟಿಗೆ ಹೋದದ್ದು ಹೇಗೆ, ಮಾರಿದವರು ಯಾರು, ಲೆಕ್ಕ ನೋಡಬೇಕಾದವರು ಏನು ಮಾಡುತ್ತಿದ್ದರು ಎಂದು ಕೇಳತಕ್ಕವರು ಕಡಮೆ.

ಅದು ಕೊಲ್ಲುವ ರೀತಿ ವಂಚನೆಯದು. ಹೊಟ್ಟೆಗೆ ಹೋದ ಮರದ ಸಾರವನ್ನು ನಮ್ಮ ಪಿತ್ತಜನಕಾಂಗವೇ ಫಾರ್ಮಿಕ್ ಆಮ್ಲವಾಗಿ ಮಾಡುತ್ತದೆ. ಕೆಂಪಿರುವೆಯ ಕಡಿತದಲ್ಲಿ ಉರಿಸುವುದೂ ಅದೇ ಆಮ್ಲ. ಮೊದಲ 12 ರಿಂದ 24 ಗಂಟೆಯವರೆಗೆ ಸ್ವಲ್ಪ ಅಮಲು ಬಿಟ್ಟರೆ ಏನೂ ಕಾಣದಿರಬಹುದು. ಕುಡಿದವನು ಮಲಗಿ ಎದ್ದು ಕೆಲಸಕ್ಕೂ ಹೋಗಿರುತ್ತಾನೆ. ಆಮೇಲೆ ಹೊಟ್ಟೆ ನುಲಿತ, ವಾಂತಿ, ಏದುಸಿರು, ಕಣ್ಣ ಮುಂದೆ ಬೆಳ್ಳನೆಯ ಮಂಜು. ಆಮ್ಲವು ಕಣ್ಣಿನ ನರವನ್ನು ಹಿಡಿದಿರುತ್ತದೆ. ಎರಡು ಚಮಚದಷ್ಟು, ಅಂದರೆ 10 ಮಿಲಿ ಲೀಟರ್, ಕಣ್ಣು ಕಳೆಯಬಲ್ಲುದು. 30 ಮಿಲಿ ಲೀಟರ್ ಪ್ರಾಣವನ್ನೇ ತೆಗೆಯಬಲ್ಲುದು. ಚರ್ಮದ ಮೂಲಕವೂ ಉಸಿರಿನ ಮೂಲಕವೂ ಅದು ಒಳಗೆ ಸೇರುತ್ತದೆ.

ನಾವು ಕುಡಿಯುವವರಲ್ಲ, ನಮಗೇಕೆ ಈ ಮಾತು ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ ಹಾಗಾಯಿತು. ಕೇಳಿ. ಕಳೆದ ವಾರ ಒಂದು ಅಂಗಡಿಯಲ್ಲಿ ಅರ್ಧ ಲೀಟರ್ ಪಾಲಿಶ್ ಸ್ಪಿರಿಟು ಕೊಂಡೆವು. ಪೀಪಾಯಿಯಿಂದ ಅಳೆದು, ಕುಡಿಯುವ ನೀರಿನ ಖಾಲಿ ಬಾಟಲಿಗೆ ಹುಯ್ದು ಕೊಟ್ಟರು. ಬಾಟಲಿಯ ಮೇಲೆ ನೀರಿನ ಕಂಪನಿಯ ಚೀಟಿ ಹಾಗೆಯೇ ಇತ್ತು. ಇದನ್ನು ಕೆಲಸಗಾರ ಮನೆಗೆ ಒಯ್ದು ಅಡುಗೆಮನೆಯ ಗೂಡಿನಲ್ಲಿಡುತ್ತಾನೆ. ಆಡಿ ಬಂದ ಮಗುವಿಗೆ ಬಾಯಾರಿಕೆ. ಮುಂದಿನದನ್ನು ನಾವು ಹೇಳಬೇಕಾಗಿಲ್ಲ.

ಹಾಗೇನಾದರೂ ಆದರೆ ನಿಂಬೆಹಣ್ಣು, ಮಜ್ಜಿಗೆ, ಉಪ್ಪುನೀರು ಎಂದು ಹೊತ್ತು ಕಳೆಯಬೇಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಥಿನ್ನರು ವಾಂತಿಯೊಡನೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ದೊಡ್ಡ ಕೇಡು. ಮಗು ಆಡಿಕೊಂಡಿದೆಯಲ್ಲ ಎಂದು ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಓಡಿ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಇದಕ್ಕೆ ಪ್ರತಿಮದ್ದು ಇದೆ. ಬೇಗ ಹೋದರೆ ರಕ್ತ ಶುದ್ಧಿ ಮಾಡಿಯಾದರೂ ಉಳಿಸುತ್ತಾರೆ. ಮೈಸೂರು ಇಲ್ಲಿಂದ ಸುಮಾರು 80 ಕಿಲೋಮೀಟರ್. ಒಳಗೆ ಹೋದದ್ದು ಏನೆಂದು ವೈದ್ಯರಿಗೆ ತಿಳಿಯಲು ತಡವಾದಷ್ಟೂ ಆ ದಾರಿ ಉದ್ದವಾಗುತ್ತದೆ.

ಬೆಂಕಿಯ ವಿಚಾರ ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಎರಡು ಮಾತು. ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೀರಿನಂತೆ ನೆಲದ ಮೇಲೆ ಹರಿದು, ಪಕ್ಕದ ಕೋಣೆಯ ಟೀ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಮರದ ಸಾರದ ಜ್ವಾಲೆಯೋ, ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಥಿನ್ನರ್ ಹೊತ್ತಿದರೆ ನೀರು ಎರಚಬೇಡಿ, ಅದು ತೇಲಿಕೊಂಡು ಬೆಂಕಿಯನ್ನು ಹರಡುತ್ತದೆ. ಎರಡು ಬಕೆಟ್ ಒಣಮರಳು ಇಟ್ಟುಕೊಳ್ಳಿ. ತುಂಬಿದ ಪೀಪಾಯಿಗಿಂತ ಖಾಲಿ ಪೀಪಾಯಿಗೇ ಹೆಚ್ಚು ಹೆದರಬೇಕು. ಅದರೊಳಗೆ ಇರುವುದು ಬರೀ ಆವಿ. ವೆಲ್ಡಿಂಗಿನವರು ಕತ್ತರಿಸಲು ಹೋದರೆ ಬಾಂಬಿನಂತೆ ಸಿಡಿಯುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಯಾರ ಹಂಗೂ ಇಲ್ಲದೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲುದು. ಹರಡಿ ಒಣಗಿಸಿ.

ಕಾಯಿದೆ ಇಲ್ಲವೇ ಎಂದು ಕೇಳಬಹುದು. ಭೋಪಾಲದಲ್ಲಿ 1984ರ ಡಿಸೆಂಬರಿನಲ್ಲಿ ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ತಾನು ಮುಟ್ಟುವ ಪದಾರ್ಥದ ಅಪಾಯವನ್ನು ತಿಳಿಯುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟರು. ಆದರೆ ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಪಿರಿಯಾಪಟ್ಟಣದಲ್ಲೋ ಹುಣಸೂರಿನಲ್ಲೋ ಮೂವರು ಸೇರಿ ಸೋಫಾಕ್ಕೆ ಪಾಲಿಶ್ ಹೊಡೆಯುವ ಶೆಡ್ಡು ಯಾವ ಲೆಕ್ಕಕ್ಕೆ ಬಂತು? ಮೂವರ ಶ್ವಾಸಕೋಶವೇನು ಇಪ್ಪತ್ತು ಜನರದಕ್ಕಿಂತ ಗಟ್ಟಿಯೇ? ಈ ಪ್ರಶ್ನೆಯನ್ನು ಕಾರ್ಮಿಕ ಇಲಾಖೆಗೆ ಬರೆದು ಕೇಳಲಿದ್ದೇವೆ. ಸಹಿ ಹಾಕುವ ಹಾಳೆ ಬಾಗಿಲ ಬಳಿ ಇದೆ.

ಅಂಗಡಿಯ ಯಜಮಾನರುಗಳಿಗೆ ಒಂದು ಬಿನ್ನಹ. ಚಿಲ್ಲರೆ ಮಾರಿದರೆ ನಾಲ್ಕು ಕಾಸು ಉಳಿಯುತ್ತದೆ, ದೊಡ್ಡ ಡಬ್ಬಿ ಕೊಳ್ಳುವ ಶಕ್ತಿ ಗಿರಾಕಿಗೂ ಇಲ್ಲ. ಇದು ನಮಗೆ ಗೊತ್ತಿದೆ. ನೀವೇನೂ ಬಂಡವಾಳಗಾರರಲ್ಲ. ಆದರೆ ನೀರಿನ ಬಾಟಲಿ, ಜ್ಯೂಸಿನ ಬಾಟಲಿ ಬೇಡ. ಗಿರಾಕಿ ಖಾಲಿ ಥಿನ್ನರ್ ಡಬ್ಬಿಯನ್ನೇ ತರಲಿ. ಪೀಪಾಯಿಯ ಮೇಲೆ ಬರೆದಿರುವ ಹೆಸರನ್ನು ಡಬ್ಬಿಯ ಮೇಲೂ ಬರೆಯಿರಿ. ಪೀಪಾಯಿಯ ಮೇಲೆಯೇ ಹೆಸರಿಲ್ಲದಿದ್ದರೆ ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ.

ಇಲ್ಲಿ ಮೇಜಿನ ಮೇಲೆ ಚೀಟಿಗಳ ಕಟ್ಟು ಇದೆ. "ವಿಷ. ಕುಡಿಯಬಾರದು. ಬೆಂಕಿಯ ಹತ್ತಿರ ಇಡಬಾರದು" ಎಂದು ಕನ್ನಡದಲ್ಲಿ ಅಚ್ಚಾಗಿದೆ. ಕ್ಯಾಂಪಿನ ಗಿರಾಕಿಗಳಿಗಾಗಿ ಟಿಬೆಟನ್ ಲಿಪಿಯಲ್ಲಿಯೂ ಅದನ್ನೇ ಅಲ್ಲಿಯ ಒಬ್ಬ ಮಿತ್ರರು ಬರೆದುಕೊಟ್ಟಿದ್ದಾರೆ. ಪದಾರ್ಥದ ಹೆಸರು ಬರೆಯಲು ಕೆಳಗೆ ಜಾಗ ಬಿಟ್ಟಿದೆ. ಗೋಂದಿನ ಡಬ್ಬಿಯೂ ಇದೆ. ಒಬ್ಬೊಬ್ಬರು ಇಪ್ಪತ್ತರಂತೆ ತೆಗೆದುಕೊಳ್ಳಿ. ಸಾಲದೆ ಹೋದರೆ ಮುಂದಿನ ಸಂತೆಯ ದಿನ ಇನ್ನಷ್ಟು ತರುತ್ತೇವೆ.